ಎರೆಭೂಮಿಯಲ್ಲಿ ನಾಲ್ಕು ಗಾಲಿಗಳು

ಕನ್ನಡ ನಾಡಿನ ಭೂಪಟವನ್ನು ಗೋಡೆಗೆ ತೂಗಹಾಕಿದರೆ ಮೊಳೆಗೆ ಅತ್ಯಂತ ಸಮೀಪವಾಗಿ ಕಾಣುವುದು ಬೀದರ ಜಿಲ್ಲೆ. ಅದರಲ್ಲಿಯೂ ತುತ್ತತುದಿಯಲ್ಲಿರುವುದು ಔರಾದ ತಾಲ್ಲೂಕು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರು ಕಾಶಿಗೆ ಹೋಗಿ ಬಂದಿರುವುದುಂಟು, ರಾಮೇಶ್ವರಕ್ಕೆ ಹೋಗಿ ಬಂದಿರುವುದುಂಟು. ಔರಾದಕ್ಕೆ ಹೋಗಿ ಬಂದೆವೆಂದು ಹೇಳುವವರು ನೂರಕ್ಕೆ ಒಬ್ಬರು ಸಿಕ್ಕುವರೋ ಇಲ್ಲವೋ. ನನಗೂ ಆ ಯೋಗವು ತಾನಾಗಿ ಒದಗಿದುದಲ್ಲ. ನನ್ನ ಷಡ್ಡಕರು ಆ ತಾಲ್ಲೂಕಿನ ಒಂದು ಹಳ್ಳಿಗೆ ಉಪಾಧ್ಯಾಯರಾಗಿ ಹೋಗಿ ಅಲ್ಲಿಯೇ ನೆಲೆನಿಂತವರು. ಅವರ ಮೊಮ್ಮಗನ ನಾಮಕರಣಕ್ಕೆ ನಾವು ಬರಲೇಬೇಕೆಂದು ಕರೆ ಬಂದಿತು. ಆಗ ಮೃಗಶಿರಾ ಮಳೆ ಮುಗಿದು ಆರಿದ್ರಾ ಮಳೆ ಹಿಡಿದಿದ್ದಿತು.

ನನ್ನ ತಮ್ಮನ ಮಗನು ಅದಕ್ಕೆ ಕೆಲವು ತಿಂಗಳ ಹಿಂದೆಯೇ ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವು ಹೋಗತಕ್ಕ ಎತ್ತರದ ಮೋಟಾರೊಂದನ್ನು ಕೊಂಡಿದ್ದನು. ದೇವರಾಜ ಮಾರುಕಟ್ಟೆಗೆ ಹೋಗಿ ಬದನೆಕಾಯಿ ತರುವುದಕ್ಕೆ ಇಂಥ ಗಾಡಿ ಏತಕ್ಕೆಂದು ನಾನು ಅವನನ್ನು ಹಾಸ್ಯ ಮಾಡಿದ್ದೆನು. ಈ ಪ್ರಯಾಣದ ಸುದ್ದಿ ಕೇಳಿದೊಡನೆ ಅವನು, “ದೊಡ್ಡಪ್ಪ, ಈಗ ತಿಳಿಯುತ್ತೆ ನೋಡಿ ಏತಕ್ಕೆ ಅಂತ,” ಎಂದನು. ಹೀಗೆ ಅವನು, ನಾನು, ನನ್ನ ಮನೆಯಾಕೆ ಮೂವರೂ ಎರಡು ಹಗಲು ದಾರಿ ಸವೆಸಿ ಕಲಬುರಗಿ ಹುಮನಾಬಾದುಗಳ ಮೇಲೆ ಬೀದರವನ್ನು ಸೇರಿದೆವು. ಏತಕ್ಕೆಂಬುದು ನನಗೆ ತಿಳಿದದ್ದು ನಿಜ. ಆದರೆ ಅವನು ಎಣಿಸಿದ್ದ ರೀತಿಯಲ್ಲಿ ಅಲ್ಲ.

ಬೀದರವು ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿರುವ ಒಂದು ಕೆಂಪು ಹಾಸುಗಲ್ಲಿನ ಮೇಲೆ ಕುಳಿತಿರುವ ಊರು. ಆ ಕಲ್ಲು ಜಂಬಿಟ್ಟಿಗೆ. ನೆಲದೊಳಗಿದ್ದಾಗ ಮೆದುವಾಗಿದ್ದು ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವುದು ಅದರ ಸ್ವಭಾವ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ಇಲ್ಲಿಗೆ ರಾಜಧಾನಿಯನ್ನು ತಂದಾಗ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕೊರೆಯಿಸಿದರು. ದಕ್ಷಿಣದ ಕಡೆ ಅದು ಮೂರು ಪಾಲಾಗಿ, ನಡುನಡುವೆ ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡಿರುವುದನ್ನು ನೋಡಿದರೆ ಕಟ್ಟಿದವರಿಗಿಂತ ಕಡಿದವರ ಮೇಲೆಯೇ ಗೌರವ ಹೆಚ್ಚುತ್ತದೆ. ಈ ಕಲ್ಲಿನ ಇನ್ನೊಂದು ಗುಣವೆಂದರೆ ಮೈಯೆಲ್ಲಾ ರಂಧ್ರವಾಗಿರುವುದು. ಬಿದ್ದ ಮಳೆಯು ಮೇಲೆ ನಿಲ್ಲದೆ ಒಳಕ್ಕಿಳಿದು, ಅಡಿಯ ಕರಿಕಲ್ಲಿನ ಪದರವನ್ನು ಮುಟ್ಟಿ, ಅದರ ಮೇಲೆ ಹರಿದು, ದಿಣ್ಣೆಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವುದೂ, ಗುರು ನಾನಕ ಝೀರಾದಲ್ಲಿ ಸಿಖ್ಖರು ಪವಿತ್ರವೆಂದು ನೀರು ಕುಡಿಯುವುದೂ ಈ ಒರತೆಗಳಿಂದಲೇ. ನೌಬಾದಿನ ಕಡೆಯ ಸುರಂಗ ಬಾವಿಯನ್ನು ಹಿಂದಿನವರು ತೋಡಿದ್ದೂ ಈ ಗುಟ್ಟನ್ನು ಬಲ್ಲವರಾಗಿಯೇ.

ನಾವು ತಂಗಿದ ರಾತ್ರಿ ಮೂರು ಗಂಟೆಗಳ ಕಾಲ ಧಾರಾಕಾರವಾಗಿ ಮಳೆ ಸುರಿಯಿತು. ಬೆಳಿಗ್ಗೆ ಅಷ್ಟೂರಿನ ಗುಮ್ಮಟಗಳನ್ನು ನೋಡಿ ಬರುವಾಗ ಹುಡುಗನು ಸಂತೋಷದಿಂದ ಪಕ್ಕದ ಕೆಮ್ಮಣ್ಣಿನ ಹಾದಿಯೊಂದಕ್ಕೆ ಗಾಡಿಯನ್ನು ಇಳಿಸಿ, ಗೇರಿನ ಪಕ್ಕದ ಚಿಕ್ಕ ಹಿಡಿಕೆಯನ್ನು ಎಳೆದು ನಾಲ್ಕು ಗಾಲಿಗಳನ್ನೂ ಜೋಡಿಸಿದನು. ಗಾಡಿಯು ಸಲೀಸಾಗಿ ಹೋಯಿತು. ಆದರೆ ನಮ್ಮ ಹಿಂದೆಯೇ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಒಂದು ಹಳೆಯ ಮೋಟಾರು ಸೈಕಲ್ಲೂ ಅಷ್ಟೇ ಸಲೀಸಾಗಿ ಬಂದು ನಮ್ಮನ್ನು ದಾಟಿಕೊಂಡು ಹೋಯಿತು. ಕೆಮ್ಮಣ್ಣು ಮಳೆಯನ್ನು ಕುಡಿದು ಗಟ್ಟಿಯಾಗಿ ಕುಳಿತಿದ್ದಿತು. ನಾಲ್ಕು ಗಾಲಿಗಳ ಬಲದಿಂದ ಅಲ್ಲಿ ಆದ ಪ್ರಯೋಜನವು ಏನೂ ಇಲ್ಲ. ಹುಡುಗನಿಗೆ ಮಾತ್ರ, ಇಷ್ಟು ಮಳೆಯಾದರೂ ತನ್ನ ಗಾಡಿ ಜಾರಲಿಲ್ಲವೆಂಬ ಧೈರ್ಯ ಬಂದಿತು. ಮುಂದಿನ ಅನರ್ಥಕ್ಕೆ ಬೀಜ ಬಿದ್ದದ್ದು ಇಲ್ಲಿ.

ಅವನು ಆ ಹಿಡಿಕೆಯನ್ನು ಹಿಂದಕ್ಕೆ ತಳ್ಳುವುದನ್ನು ಮರೆತು ಊರೊಳಕ್ಕೆ ಬಂದನು. ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಹತ್ತಿರ ಇಕ್ಕಟ್ಟಾದ ತಿರುವಿನಲ್ಲಿ ಗಾಡಿ ಬಿಗಿದುಕೊಂಡಂತಾಗಿ, ಸ್ಟೀರಿಂಗು ಭಾರವಾಗಿ, ಕೆಳಗೆ ಕಟಕಟ ಸದ್ದು ಕೇಳಿಸಿತು. ಸಮೀಪದಲ್ಲಿದ್ದ ಟಯರು ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಲ್ಲಿದ್ದ ವೃದ್ಧ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ಅವರು ಬಗ್ಗಿ ಕೂಡ ನೋಡಲಿಲ್ಲ. ಕಿಟಕಿಯಿಂದ ಹಿಡಿಕೆಯನ್ನು ನೋಡಿ ನಕ್ಕು, “ತಮ್ಮಾ, ಏರು ಬಂದ್ರ ನಾಕು ಎತ್ತು ಕಟ್ತಾರ. ಊರಾಗ ಬಂದ ಮ್ಯಾಲ ಬಿಚ್ಚಬೇಕು. ಇಲ್ಲಾಂದ್ರ ಒಂದಕ್ಕೊಂದು ಜಗ್ಗಿ ನೊಗ ಮುರೀತಾವ,” ಎಂದರು.

ಯಂತ್ರಶಾಸ್ತ್ರದ ಪುಸ್ತಕದಲ್ಲಿ ಎರಡು ಪುಟ ತುಂಬುವ ವಿಷಯವನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಇಂಥ ಗಾಡಿಗಳನ್ನು ಈಗ ಅನೇಕ ಗೃಹಸ್ಥರು ಕೊಳ್ಳುತ್ತಿರುವುದರಿಂದ ಸ್ವಲ್ಪ ವಿಸ್ತರಿಸಿ ಹೇಳಿದರೆ ತಪ್ಪಾಗಲಾರದು. ಸಾಮಾನ್ಯ ಮೋಟಾರಿನಲ್ಲಿ ಎಂಜಿನಿನ ಬಲವು ಮುಂದಿನ ಎರಡು ಗಾಲಿಗಳಿಗೋ ಹಿಂದಿನ ಎರಡಕ್ಕೋ ಹೋಗುತ್ತದೆ. ಮಿಕ್ಕೆರಡು ಸುಮ್ಮನೆ ಉರುಳುತ್ತವೆ. ತಿರುವಿನಲ್ಲಿ ಹೊರಮಗ್ಗುಲಿನ ಗಾಲಿಯು ಒಳಮಗ್ಗುಲಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕಾಗಿ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗೂಡನ್ನು ಇಟ್ಟಿರುತ್ತಾರೆ. ಹಾಗೆಯೇ ಮುಂದಿನ ಜೋಡಿಯು ಹಿಂದಿನ ಜೋಡಿಗಿಂತ ಹೆಚ್ಚು ದೂರ ಉರುಳುತ್ತದೆ. ನಮ್ಮ ಹುಡುಗನದರಂಥ ಗಾಡಿಗಳಲ್ಲಿ ಹಿಡಿಕೆಯನ್ನೆಳೆದರೆ ಈ ಎರಡು ಜೋಡಿಗಳು ಒಂದೇ ದಂಡಕ್ಕೆ ಕಟ್ಟಿದಂತೆ ಬಿಗಿಯಾಗುತ್ತವೆ. ನಡುವೆ ಅಂಥ ಗೂಡು ಇರುವುದಿಲ್ಲ. ಮಣ್ಣು, ಮರಳು, ಜಾರು ನೆಲವಾದರೆ ಗಾಲಿಯು ಅಷ್ಟಿಷ್ಟು ಜಾರಿ ಈ ವ್ಯತ್ಯಾಸವನ್ನು ಸರಿಮಾಡಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರುವುದಕ್ಕೆ ಎಡೆಯಿಲ್ಲ. ದಂಡಗಳು ತಿರುಚಿಕೊಳ್ಳುತ್ತವೆ, ಟಯರು ಸವೆಯುತ್ತದೆ, ಕೊನೆಗೆ ಹಲ್ಲು ಮುರಿಯುವುದೂ ಉಂಟು. ಯಾವಾಗಲೂ ನಾಲ್ಕು ಗಾಲಿಗಳಲ್ಲಿಯೇ ಓಡುವಂತೆ ನಡುವೆಯೂ ಗೂಡನ್ನು ಇಟ್ಟಿರುವ ಗಾಡಿಗಳು ಬೇರೆ; ಅವಕ್ಕೆ ಈ ಭಯವಿಲ್ಲ. ತಮ್ಮ ಗಾಡಿ ಯಾವ ಜಾತಿಯದೆಂಬುದನ್ನು ಕೊಂಡ ದಿನವೇ ಕೈಪಿಡಿಯಲ್ಲಿ ಓದಿಕೊಳ್ಳಬೇಕು. ನಮ್ಮ ಹುಡುಗನ ಕೈಪಿಡಿಯು ಅಂಗಡಿಯವರು ಕೊಟ್ಟ ಕಾಗದದ ಚೀಲದಲ್ಲಿಯೇ ಇದ್ದಿತು.

ಈ ಏರ್ಪಾಡೇನೂ ಹೊಸದಲ್ಲ. ಹಾಲೆಂಡಿನ ಸ್ಪೈಕರ್ ಕಂಪೆನಿಯವರು 1903ರಲ್ಲಿಯೇ ನಾಲ್ಕು ಗಾಲಿಗಳಿಗೂ ಬಲ ಕೊಡುವ ಪೆಟ್ರೋಲು ಗಾಡಿಯನ್ನು ಮಾಡಿದ್ದರು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ ಮುಂದೆ, ವಿಲ್ಲಿಸ್ ಜೀಪು ಲೋಕದಲ್ಲೆಲ್ಲಾ ಅದನ್ನು ಮನೆಮಾತಾಗಿ ಮಾಡಿತು. 1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಹಳ್ಳಿಗಾಡಿನವರ ಮಟ್ಟಿಗೆ ಅದಕ್ಕೂ ಹಿಂದಿನ ಮಾತುಂಟು: ಎರೆಭೂಮಿಯಲ್ಲಿ ಕರಿಕೆ ಬೇರು ಕೀಳುವ ದೊಡ್ಡ ನೇಗಿಲಿಗೆ ನಾಲ್ಕು, ಆರು, ಎಂಟು ಎತ್ತುಗಳನ್ನು ಹೂಡುತ್ತಿದ್ದರು. ಕೆಲಸ ಮುಗಿದೊಡನೆ ಜೋಡಿಗಳನ್ನು ಬಿಡಿಸಿ ಅವರವರ ಮನೆಗೆ ಅಟ್ಟುತ್ತಿದ್ದರು. ಉಸ್ತಾದರ ಉಪಮೆ ಅಲ್ಲಿಂದ ಬಂದುದು.

ಮಾರನೆಯ ದಿನ ಭಾಲ್ಕಿಗೆ ಹೊರಟೆವು. ಬೀದರದ ದಿಣ್ಣೆಯನ್ನು ಇಳಿಯುತ್ತಲೇ ನೆಲದ ಬಣ್ಣವು ಬದಲಾಗುತ್ತದೆ. ಕೆಂಪು ಮೊದಲು ಕಂದಾಗಿ, ಆಮೇಲೆ ಬೂದಿಯಾಗಿ, ಹಲಬರ್ಗಾ ದಾಟುವ ವೇಳೆಗೆ ಕಾಡಿಗೆಯಂಥ ಕಪ್ಪು. ನನ್ನ ಮನೆಯಾಕೆಗೆ ಈ ನೆಲವು ಬಹಳ ಹಿಡಿಸಿತು. ಇಂಥ ಮಣ್ಣು ಒಂದು ಬುಟ್ಟಿ ಸಿಕ್ಕಿದರೆ ತುಲಸಿಯ ಕಟ್ಟೆಗೆ ಹಾಕಬಹುದೆಂದಳು. ಹೆಸರು, ಉದ್ದು, ಸೋಯಾ, ತೊಗರಿಗಳು ಸಾಲುಸಾಲಾಗಿ ಆಗತಾನೆ ತಲೆಯೆತ್ತಿದ್ದುವು.

ಭಾಲ್ಕಿಯಲ್ಲಿ ಹಿರೇಮಠಕ್ಕೆ ಹೋಗಿ ನಮಸ್ಕರಿಸಿದೆವು. ನಿಜಾಮರ ಆಳ್ವಿಕೆಯಲ್ಲಿ ಈ ಪ್ರಾಂತದಲ್ಲಿ ಉರ್ದುವಿನದೇ ಪ್ರಾಬಲ್ಯವಾಗಿದ್ದಾಗ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುವರು. 1948ರಲ್ಲಿ ನಿಜಾಮರ ರಾಜ್ಯವು ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ ಜಿಲ್ಲೆಯು ಕನ್ನಡ ನಾಡಿಗೆ ಬಂದಿತು. 1890ರಲ್ಲಿ ಹುಟ್ಟಿದ ಆ ಮಹನೀಯರು 1999ರ ವರೆಗೂ ಬಾಳಿ ಇದೆಲ್ಲವನ್ನೂ ಕಣ್ಣಾರೆ ಕಂಡರು. ಇದು ನನ್ನ ಇಂದಿನ ವಿಷಯಕ್ಕೆ ಸೇರಿದುದಲ್ಲ. ಆದರೆ ಭಾಲ್ಕಿಯನ್ನು ಹೆಸರಿಸಿ ಇದನ್ನು ಬಿಡುವುದು ನನ್ನಿಂದಾಗದು.

ಭಾಲ್ಕಿಯಿಂದ ಮಾಂಜ್ರಾ ನದಿಯ ಕಡೆಗೆ ಹೋಗುವಾಗ ಒಂದು ಹಳ್ಳಕ್ಕೆ ಅಡ್ಡಲಾಗಿ ತಗ್ಗಿನ ಸೇತುವೆಯಿದ್ದಿತು. ಅದರ ಮೇಲೆ ಕೆಸರುನೀರು ಹರಿಯುತ್ತಿದ್ದಿತು. ಎರಡು ದಡಗಳಲ್ಲಿಯೂ ಬಸ್ಸು, ಲಾರಿ, ಮೋಟಾರು ಸೈಕಲ್ಲುಗಳು ಸಾಲಾಗಿ ನಿಂತಿದ್ದುವು. ನಮ್ಮ ಹುಡುಗನು ಹಿಡಿಕೆಯ ಮೇಲೆ ಕೈಯಿಟ್ಟನು. ನನ್ನ ಮನೆಯಾಕೆಯು, “ಲಾರಿಯವರೇ ನಿಂತಿದಾರಲ್ಲಪ್ಪ,” ಎಂದಳು. ಅವನು ಕೈಯನ್ನು ತೆಗೆದನು. ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಮೋಟಾರನ್ನು ತೇಲಿಸಬಲ್ಲುದು. ಎರಡಡಿಯಾದರೆ ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲುದು. ಗಾಲಿಯು ನೆಲವನ್ನೇ ಸರಿಯಾಗಿ ಒತ್ತದಿದ್ದ ಮೇಲೆ ಎರಡಕ್ಕೆ ಬಲವಿದ್ದರೇನು, ನಾಲ್ಕಕ್ಕೆ ಇದ್ದರೇನು? ಮಾಂಜ್ರಾದ ದಂಡೆಯಲ್ಲಂತೂ ಇನ್ನೊಂದು ತೊಡಕುಂಟು. ನದಿಯು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ ಇಲ್ಲಿಗೆ ಬರುತ್ತದೆ. ಮೇಲುಗಡೆ ಧನೇಗಾಂವದ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿರುವಾಗಲೇ ಹೊಳೆಯು ಏರಬಹುದು. ಎರಡು ಗಂಟೆ ಕಾದೆವು. ಚುರುಮುರಿ ತಿಂದೆವು. ನೀರು ಇಳಿದ ಮೇಲೆ ಮೊದಲು ಒಬ್ಬ ರೈತನು ಕೋಲೂರಿಕೊಂಡು ನಡೆದು ದಾಟಿದನು, ಆಮೇಲೆ ಬಸ್ಸು, ಆಮೇಲೆ ನಾವು.

ನೀರಿನ ಮುಂದೆ ಇಷ್ಟು ವಿವೇಕದಿಂದ ನಡೆದವರು ಮಣ್ಣಿನ ಮುಂದೆ ಹೇಗೆ ಮೂರ್ಖರಾದೆವೆಂಬುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ನೀರು ಭೋರ್ಗರೆದು ಹೆದರಿಸುತ್ತದೆ. ಮಣ್ಣು ಸುಮ್ಮನೆ ಬಿದ್ದಿರುತ್ತದೆ.

ಅಂದು ಸಂಜೆ ನದಿಯನ್ನು ದಾಟಿ, ಔರಾದದ ಅಮರೇಶ್ವರನ ದರ್ಶನವನ್ನು ಮುಗಿಸಿ, ಷಡ್ಡಕರ ಹಳ್ಳಿಯ ದಾರಿಯನ್ನು ಹಿಡಿದೆವು. ಹಳ್ಳಿಯು ಕಣ್ಣಿಗೆ ಕಾಣುತ್ತಿದ್ದಿತು. ಆದರೆ ಮೋರಿಯನ್ನು ದುರಸ್ತಿಗಾಗಿ ಅಗೆದು ರಸ್ತೆಯನ್ನು ಮುಚ್ಚಿದ್ದರು. ಸುತ್ತಿ ಹೋದರೆ ಎಂಟು ಹತ್ತು ಮೈಲಿ. ಎಡಕ್ಕೆ ಹೊಲಗಳ ನಡುವೆ ಒಂದು ಗಾಡಿಜಾಡು ನೇರವಾಗಿ ಊರಿಗೆ ಹೋಗುತ್ತಿದ್ದಿತು. ಅರ್ಧ ಮೈಲಿಯೂ ಇಲ್ಲ. ಹಿಂದಿನ ರಾತ್ರಿ ಅಲ್ಲಿಯೂ ಮಳೆಯಾಗಿದ್ದಿತು. ಆದರೆ ಹಗಲೆಲ್ಲಾ ಬಿಸಿಲು ಬಿದ್ದು ಮೇಲ್ಮೈಯು ಒಣಗಿ ಬಿಳಿಚಿಕೊಂಡಿದ್ದಿತು.

ಬದುವಿನ ಮೇಲೆ ಮೇಕೆಗಳನ್ನು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೈಬೀಸಿ, “ಹಾಕಬ್ಯಾಡ್ರೋ, ಗಾಡಿ ಹಾಕಬ್ಯಾಡ್ರಿ! ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಹಸಿ ಅದ,” ಎಂದು ಕೂಗಿದಳು.

ಹುಡುಗನು ನಗುತ್ತಾ, “ಪರವಾಗಿಲ್ಲ ಅಜ್ಜಿ, ಇದು ನಾಲ್ಕು ಗಾಲಿ ಗಾಡಿ,” ಎಂದನು.

“ಎಲ್ಲಾ ಗಾಡಿಗೂ ನಾಕೇ ಗಾಲಿ ಇರ್ತಾವಲ್ಲೋ ಯಪ್ಪಾ,” ಎಂದಳು ಅವಳು.

ಹುಡುಗನು ನನ್ನ ಮುಖವನ್ನು ನೋಡಿದನು. ಹೊತ್ತು ಮುಳುಗುತ್ತಿದ್ದಿತು; ನನಗೆ ಹಸಿವಾಗಿದ್ದಿತು. ನಾನು “ಹೋಗು” ಎಂದೆನು. ತಪ್ಪನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಎರೆಮಣ್ಣು ಕರಿಕಲ್ಲು ಕರಗಿ ಆದುದು. ಅದರ ಕಣಗಳು ಬಹಳ ನುಣುಪು. ನೀರು ಸೇರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಆ ಬಿರುಕುಗಳಲ್ಲಿ ಕೈ ಹೋಗುವಷ್ಟು ಅಗಲವಿರುತ್ತದೆ. ಮಳೆಯ ನೀರನ್ನು ಅದು ಜಂಬಿಟ್ಟಿಗೆಯ ಹಾಗೆ ಕೆಳಕ್ಕೆ ಬಿಟ್ಟುಕೊಡದೆ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಜೋಳ ಕಡಲೆಗಳು ಬೆಳೆಯುವುದು ಈ ಗುಣದಿಂದ. ನಾವು ಹೂತುಹೋದದ್ದೂ ಈ ಗುಣದಿಂದಲೇ. ಐವತ್ತು ಮಾರು ಹೋಗುವುದರೊಳಗೆ ಮೇಲಿನ ಹಕ್ಕಳೆ ಒಡೆದು ಗಾಲಿಗಳು ಹಸಿಯನ್ನು ಮುಟ್ಟಿದುವು. ಟಯರಿನ ಹಲ್ಲುಗಳ ಸಂದುಗಳಲ್ಲೆಲ್ಲಾ ಮಣ್ಣು ಮೆತ್ತಿ, ನಾಲ್ಕು ಗಾಲಿಗಳೂ ಒನಕೆಯ ಹಾಗೆ ನುಣುಪಾದುವು. ಗಾಡಿಯು ಜಾಡನ್ನು ಬಿಟ್ಟು ಪಕ್ಕಕ್ಕೆ ಜಾರಿ, ಬದುವನ್ನು ಒಡೆದುಕೊಂಡು, ಕೆಳಗಿನ ಹೆಸರಿನ ಹೊಲಕ್ಕೆ ನುಗ್ಗಿತು. ಹುಡುಗನು ಗಾಬರಿಯಿಂದ ಆಗ ಹಿಡಿಕೆಯನ್ನೆಳೆದನು. ಅಲ್ಲಿಯ ವರೆಗೆ ಎರಡರಲ್ಲಿಯೇ ಓಡಿಸುತ್ತಿದ್ದನು. ಎಂಜಿನು ಅರಚಿತು. ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಗಿರಗಿರನೆ ತಿರುಗಿ ಮಣ್ಣನ್ನೆರಚಿದುವು, ಉಳಿದೆರಡು ಕದಲಲಿಲ್ಲ. ಡಿಫರೆನ್ಷಿಯಲಿನ ದೋಷವೇ ಇದು: ಯಾವ ಗಾಲಿಗೆ ತಡೆಯಿಲ್ಲವೋ ಅದೇ ತಿರುಗಿಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಬ್ರೇಕಿನ ಸಹಾಯದಿಂದ ಇದನ್ನು ತಡೆಯುವ ಉಪಾಯವುಂಟು. ಹಲ್ಲೆಲ್ಲಾ ಮುಚ್ಚಿಹೋದ ಟಯರಿಗೆ ಆ ಉಪಾಯವೂ ಬಹಳ ದೂರ ಸಾಗದು. ಒತ್ತಿದಷ್ಟೂ ಗಾಲಿಗಳು ತೋಡಿಕೊಂಡು ಇಳಿದು, ಕೊನೆಗೆ ಗಾಡಿಯ ಹೊಟ್ಟೆಯು ನೆಲಕ್ಕೆ ಕುಳಿತಿತು.

ಹೊಲದ ಯಜಮಾನನು ಬಂದನು. ಐವತ್ತರ ಪ್ರಾಯದ ಮಿತಭಾಷಿ. ಬೈಯಲಿಲ್ಲ. ಗಾಡಿಯನ್ನು ನೋಡುವ ಮೊದಲು ಒಡೆದ ಬದುವನ್ನು ನೋಡಿದನು. ಟ್ರ್ಯಾಕ್ಟರು ತರಿಸೋಣವೇ, ಎಷ್ಟಾದರೂ ಕೊಡುತ್ತೇವೆಂದು ನಾನು ಕೇಳಿದೆನು. “ಟ್ರ್ಯಾಕ್ಟರ್ ಬಂದ್ರ ಇನ್ನಷ್ಟು ಹೊಲ ಹೋಗ್ತದ್ರಿ,” ಎಂದು ಹೇಳಿ ಊರಕಡೆಗೆ ಹೋದನು. ಎರಡು ಜೊತೆ ಎತ್ತುಗಳು ಬಂದುವು. ಕಪ್ಪು ಬಿಳುಪು ಮಚ್ಚೆಗಳ, ಜೋಲು ಕಿವಿಯ ದೇವಣಿ ತಳಿ. ನಾಲ್ಕಾರು ಮಂದಿ ತೊಗರಿ ಕಟ್ಟಿಗೆಯ ಹೊರೆಗಳನ್ನು ತಂದರು. ಮೊದಲು ಸಲಿಕೆಯಿಂದ ಗಾಲಿಗಳ ಮುಂದಿನ ಮಣ್ಣನ್ನೂ ಹೊಟ್ಟೆಯಡಿಯ ಮಣ್ಣನ್ನೂ ತೋಡಿ ತೆಗೆದರು. ಮಡ್‌ಗಾರ್ಡುಗಳೊಳಗೆ ಕಟ್ಟಿದ್ದ ಮೆತ್ತೆಯನ್ನು ಕೋಲಿನಿಂದ ಕೆದಕಿದರು. ಕಟ್ಟಿಗೆಯನ್ನು ಗಾಲಿಗಳ ಕೆಳಗೆ ತುರುಕಿದರು. ಉಸ್ತಾದರ ಅಂಗಡಿಯಲ್ಲಿ ಹೇಳಿಸಿಕೊಂಡದ್ದು ಆಗ ಹುಡುಗನಿಗೆ ನೆನಪಾಗಿ, ಟಯರುಗಳ ಗಾಳಿಯನ್ನು ಮೂವತ್ತು ಪೌಂಡಿನಿಂದ ಇಪ್ಪತ್ತರ ಹತ್ತಿರಕ್ಕೆ ಇಳಿಸಿದನು. ಹಾಗೆ ಮಾಡಿದರೆ ಟಯರು ಹರಡಿಕೊಂಡು ಭಾರವು ಹೆಚ್ಚು ನೆಲದ ಮೇಲೆ ಹಂಚಿಹೋಗುತ್ತದೆ. ಹಗ್ಗವನ್ನು ಬಂಪರಿಗೆ ಕಟ್ಟಹೋದವನನ್ನು ರೈತನೇ ತಡೆದು, ಎಳೆಯುವುದಕ್ಕೆಂದೇ ಇರುವ ಕೊಂಡಿಯನ್ನು ಹುಡುಕಿಸಿದನು. ಹಗ್ಗ ಹರಿದರೆ ಚಾವಟಿಯಂತೆ ಬೀಸುತ್ತದೆ. ಮಕ್ಕಳನ್ನೆಲ್ಲಾ ದೂರ ನಿಲ್ಲಿಸಿದರು.

ಆಮೇಲೆ ಹುಡುಗನು ಹಿಡಿಕೆಯನ್ನು ನಾಲ್ಕು ಗಾಲಿಯ ಕೆಳಮಟ್ಟಕ್ಕೆ ಹಾಕಿದನು. ಗಾಡಿಯನ್ನು ನಿಲ್ಲಿಸಿಕೊಂಡು ಹಾಕತಕ್ಕ ಗೇರು ಇದು. ಎಂಜಿನು ಅದೇ ಆದರೂ ಗಾಲಿಯ ವೇಗವು ಅರ್ಧಕ್ಕೂ ಕಡಿಮೆಯಾಗಿ ಎಳೆಯುವ ಬಲವು ಎರಡರಿಂದ ಎರಡೂವರೆ ಪಾಲಿನಷ್ಟು ಹೆಚ್ಚುತ್ತದೆ. “ಒದರಿಸಬ್ಯಾಡ ತಮ್ಮಾ, ಮೆತ್ತಗ,” ಎಂದನು ರೈತ. ಎಂಜಿನಿನ ಸದ್ದು ಏರಲಿಲ್ಲ. ಎತ್ತುಗಳು ಕೊರಳು ಬಾಗಿಸಿದುವು. ಗಾಡಿಯು ಕಟ್ಟಿಗೆಯನ್ನು ಪಟಪಟನೆ ಮುರಿಯುತ್ತಾ ಒಂದು ಮಾರು, ಎರಡು ಮಾರು ಬಂದು, ಬಂದ ದಾರಿಯಲ್ಲಿಯೇ ಹಿಂದಕ್ಕೆ ರಸ್ತೆಗೆ ಹತ್ತಿತು. ಬಂದ ದಾರಿಯಲ್ಲಿಯೇ ಎಂಬುದು ರೈತನ ಕಟ್ಟಪ್ಪಣೆ. ಬೇರೆ ಕಡೆಯಿಂದ ತಿರುಗಿಸಿದರೆ ಇನ್ನೆರಡು ಜಾಡುಗಳು ಬೀಳುತ್ತಿದ್ದುವು. ಎಂಟು ಹತ್ತು ಮೈಲಿಯ ಸುತ್ತನ್ನು ಸುತ್ತಿಯೇ ಹಳ್ಳಿಯನ್ನು ಸೇರಿದಾಗ ರಾತ್ರಿ ಹತ್ತು ಗಂಟೆ.

ಹೊರಡುವ ಮುನ್ನ ನಾನು ಕೈಚೀಲವನ್ನು ತೆಗೆದಿದ್ದೆನು. ರೈತನು ತಲೆಯಲ್ಲಾಡಿಸಿ, “ದುಡ್ಡು ಬ್ಯಾಡ್ರಿ ಸಾಹೇಬ್ರ. ನಾಳಿ ಮುಂಜಾನಿ ಬಂದು ಒಡ್ಡು ಕಟ್ಟಿ ಹೋಗ್ರಿ,” ಎಂದನು. ನಾನು ಅದನ್ನು ಮೊದಲು ವ್ಯಂಗ್ಯವೆಂದು ತಿಳಿದೆನು. ವ್ಯಂಗ್ಯವಲ್ಲವೆಂದು ಷಡ್ಡಕರು ಊಟದ ಹೊತ್ತಿನಲ್ಲಿ ವಿವರಿಸಿದರು. ಹೆಸರಿನ ಸಸಿಗಳು ಹೋದದ್ದು ದೊಡ್ಡ ನಷ್ಟವಲ್ಲ. ಬದು ಒಡೆದರೆ ಮೇಲಿನ ಹೊಲದ ನೀರೆಲ್ಲಾ ಆ ಬಾಯಿಂದ ನುಗ್ಗುತ್ತದೆ. ನಮ್ಮ ಗಾಲಿಗಳು ತೋಡಿದ ಎರಡು ಜಾಡುಗಳು ಇಳಿಜಾರಿನಲ್ಲಿರುವುದರಿಂದ ಆ ನೀರಿಗೆ ಕಾಲುವೆಗಳಾಗುತ್ತವೆ. ಆರಿದ್ರಾದ ಒಂದು ದೊಡ್ಡ ಮಳೆಗೆ ಮೇಲ್ಮಣ್ಣು ಹೊಳೆಯ ಪಾಲು. ಈ ಕಡೆಯ ಎಷ್ಟೋ ಹಳೆಯ ಗಾಡಿಜಾಡುಗಳು ಹೀಗೆಯೇ ಕೊರೆದು ಆಳೆತ್ತರದ ಕೊರಕಲುಗಳಾಗಿವೆಯಂತೆ. “ಅವನಿಗೆ ಈವತ್ತು ರಾತ್ರಿ ನಿದ್ದೆ ಬರೋದಿಲ್ಲ, ಆಕಾಶ ನೋಡ್ತಾ ಕೂತಿರ್ತಾನೆ,” ಎಂದರು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಉತ್ತರದಲ್ಲಿ ಎರಡು ಸಲ ಮಿಂಚಿತು.

ದೇವರ ದಯೆ, ಮಳೆ ಬರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಹುಡುಗನೂ ನಾನೂ ಸಲಿಕೆ ಬುಟ್ಟಿಗಳೊಂದಿಗೆ ನಡೆದುಕೊಂಡೇ ಹೋದೆವು. ಮುರಿದ ಬದುವಿಗೆ ಮಣ್ಣು ಸುರಿದರೆ ಸಾಲದು. ಗೇಣು ಗೇಣಿಗೆ ತುಳಿದು ಗಟ್ಟಿಮಾಡಬೇಕು, ಮೇಲೆ ಬೇರುಸಹಿತವಾದ ಹುಲ್ಲಿನ ಹೆಂಟೆಗಳನ್ನು ಕೂರಿಸಬೇಕು. ಜಾಡುಗಳನ್ನು ತುಂಬಿ, ನಾಲ್ಕು ಮಾರಿಗೊಂದರಂತೆ ಅಡ್ಡಲಾಗಿ ಸಣ್ಣ ದಿಂಡುಗಳನ್ನು ಹಾಕಬೇಕು, ನೀರು ಓಡದೆ ನಿಲ್ಲುವಂತೆ. ಮೈಸೂರಿನ ಅರವತ್ತು ವಯಸ್ಸಿನ ಪಿಂಚಣಿದಾರನಾದ ನನಗೆ ಬುಟ್ಟಿಗಳ ಲೆಕ್ಕ ತಪ್ಪಿಹೋಯಿತು. ಮೇಕೆಗಳ ಮುದುಕಿಯು ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಅವಳು ಆ ರೈತನ ತಾಯಿ.

ಕೆಲಸದ ನಡುವೆ ರೈತನು ಹುಡುಗನಿಗೆ ಎರೆಯನ್ನು ನೋಡುವ ಬಗೆಯನ್ನು ಕಲಿಸಿದನು. ಗೇಣುದ್ದ ಕೆಳಗಿನ ಮಣ್ಣನ್ನು ತೆಗೆದು ಅಂಗೈಯಲ್ಲಿ ಹೊಸೆದನು. ಬತ್ತಿಯಂತೆ ಉದ್ದಕ್ಕೆ ಬಂದಿತು, ಮುರಿಯಲಿಲ್ಲ. ಹೀಗೆ ಬತ್ತಿಯಾಗುವಷ್ಟು ದಿನವೂ ಗಾಡಿ ಇಳಿಸಬಾರದು. ಹುಡಿಯಾಗಿ ಉದುರಿದರೆ ಇಳಿಸಬಹುದು. “ಅದೂ ಬ್ಯಾಡ. ಇಳಿದು ಹತ್ತು ಹೆಜ್ಜಿ ನಡದಿದ್ರ ನಿಮ್ಮ ಕೆರನೇ ಹೇಳ್ತಿತ್ತು,” ಎಂದನು. ಬೀದರಿಯ ಕುಶಲಿಗಳು ಕೋಟೆಯ ಮಣ್ಣನ್ನು ನಾಲಗೆಗೆ ತಾಗಿಸಿ ಕಪ್ಪು ಬರುವುದೋ ಇಲ್ಲವೋ ಎಂದು ಹೇಳುವರೆಂದು ಹಿಂದಿನ ದಿನವಷ್ಟೇ ಕೇಳಿ ಬೆರಗಾಗಿದ್ದೆವು. ಮಣ್ಣು ಬಲ್ಲವರು ಕೋಟೆಯ ಹೊರಗೂ ಇದ್ದರು.

ನಾಮಕರಣವು ಸಾಂಗವಾಗಿ ನಡೆಯ��ತು. ಮಗುವಿನ ತೊಟ್ಟಿಲನ್ನು ತೂಗುವಾಗ ನನ್ನ ಅಂಗೈಯ ಬೊಬ್ಬೆಗಳನ್ನು ನೋಡಿ ಹೆಂಗಸರು ನಕ್ಕರು. ಹಿಂದಿರುಗುವ ದಾರಿಯಲ್ಲಿ ಹುಡುಗನು ಕೈಪಿಡಿಯನ್ನು ಚೀಲದಿಂದ ತೆಗೆಸಿ ನನ್ನಿಂದ ಓದಿಸಿಕೊಂಡನು. ಜಾರಿದ ಮೇಲೆ ಹಿಡಿಕೆಯನ್ನೆಳೆಯುವುದು ಪ್ರಯೋಜನವಿಲ್ಲದ್ದು. ಕೆಸರೋ ಮರಳೋ ಕಡಿದಾದ ಏರೋ ಮುಂದೆ ಕಂಡಾಗ, ಅದನ್ನು ಮುಟ್ಟುವ ಮೊದಲೇ ಎಳೆಯಬೇಕು. ಕೆಳಮಟ್ಟದ ಗೇರು ಕಲ್ಲುಬಂಡೆಯ ಏರಿಗೆ, ಹೂತದ್ದನ್ನು ಎಳೆಯುವುದಕ್ಕೆ, ಮತ್ತು ಇಳಿಜಾರಿನಲ್ಲಿ ಬ್ರೇಕನ್ನು ನೆಚ್ಚದೆ ಎಂಜಿನಿನ ತಡೆಯಿಂದಲೇ ಇಳಿಯುವುದಕ್ಕೆ. ನಾಲ್ಕು ಗಾಲಿಗಳ ಬಲವು ಗಾಡಿಯನ್ನು ಬೇಗ ನಿಲ್ಲಿಸುವುದಿಲ್ಲ. ನಿಲ್ಲಿಸುವ ಬ್ರೇಕು ಎಲ್ಲಾ ಗಾಡಿಗಳಿಗೂ ಒಂದೇ. ಇದನ್ನು ಮರೆತು ಮಳೆಯ ಹೆದ್ದಾರಿಯಲ್ಲಿ ಧೈರ್ಯವಾಗಿ ಓಡಿಸುವವರೂ ಇದ್ದಾರೆ. ಗಾಳಿ ಇಳಿಸಿದ ಟಯರನ್ನು ಡಾಂಬರು ಸಿಕ್ಕಿದೊಡನೆ ಮತ್ತೆ ತುಂಬಿಸಬೇಕು. ಇಷ್ಟೆಲ್ಲಾ ಕೈಪಿಡಿಯಲ್ಲಿದ್ದಿತು. ಆ ಹೊಲವು ಯಾರದೆಂದು ಮೊದಲು ಕೇಳಬೇಕೆಂಬುದು ಮಾತ್ರ ಇರಲಿಲ್ಲ.

ಅಮೆರಿಕದ ಅರಣ್ಯ ಇಲಾಖೆಯವರು 1985ರಲ್ಲಿ, ಇಂಥ ಗಾಡಿಗಳವರು ನೆಲದ ಮೇಲೆ ಹಗುರವಾಗಿ ನಡೆಯಬೇಕೆಂಬ ಪ್ರಚಾರವನ್ನು ಆರಂಭಿಸಿದರು: ಇರುವ ಜಾಡನ್ನು ಬಿಡಬೇಡಿ, ಒದ್ದೆಯಾದ ಜಾಡಿಗೆ ಹೋಗಬೇಡಿ, ಹೊಳೆಯನ್ನು ದಾಟುವ ಕಡೆಯಲ್ಲಿಯೇ ದಾಟಿ ಎಂಬಂಥ ನಿಯಮಗಳು. ನಮ್ಮಲ್ಲಿ ಗಾಡಿಗಳ ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದು ಹೊಳೆಯ ನಡುವೆ ನೀರನ್ನು ಆಳೆತ್ತರಕ್ಕೆ ಚಿಮ್ಮಿಸಿಕೊಂಡು ಹೋಗುವ ಮೋಟಾರು. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆಂಬುದನ್ನು ಚಿತ್ರ ತೆಗೆದವರು ಎಣಿಸಿದಂತೆ ತೋರುವುದಿಲ್ಲ.

ಬೀದರದ ಸಮೀಪ, ಹುಲ್ಲುಗಾವಲಿನ ಒಂದು ಪಟ್ಟಿಯಲ್ಲಿ ಕೃಷ್ಣಮೃಗಗಳ ಒಂದು ಹಿಂಡು ಕಂಡಿತು. ಗಂಡೊಂದು ತಿರುಚಿದ ಕೊಂಬುಗಳನ್ನೆತ್ತಿ ನಮ್ಮನ್ನೇ ನೋಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದಕ್ಕೆ ಅತ್ಯುಚ್ಚ ರಕ್ಷಣೆಯುಂಟು. ಗಾಡಿಯಿಂದ ಅಟ್ಟಿಸಿಕೊಂಡು ಹೋಗುವುದೂ ಬೇಟೆಯೆಂದೇ ಲೆಕ್ಕ. ಹುಲ್ಲು ಸಮತಟ್ಟಾಗಿ, ಗಟ್ಟಿಯಾಗಿ ಕಾಣುತ್ತಿದ್ದಿತು. ನಾನು ಹುಡುಗನ ಕೈಯನ್ನು ನೋಡಿದೆನು. ಅವನು ಎಂಜಿನನ್ನು ನಿಲ್ಲಿಸಿ ರಸ್ತೆಯ ಮೇಲೆಯೇ ಕುಳಿತು ಹಿಂಡು ಮರೆಯಾಗುವ ವರೆಗೂ ನೋಡಿದನು.

ಮೈಸೂರಿಗೆ ಬಂದು ಗಾಡಿಯನ್ನು ತೊಳೆಯುವಾಗ ಮಡ್‌ಗಾರ್ಡುಗಳೊಳಗಿಂದ ಅರ್ಧ ಬುಟ್ಟಿ ಎರೆ ಉದುರಿತು. ನನ್ನ ಮನೆಯಾಕೆ ಕೇಳಿದ್ದ ಮಣ್ಣು ಮನೆಗೆ ಬಂದಂತಾಯಿತು. ಆದರೆ ಅದನ್ನು ತುಲಸಿಗೆ ಹಾಕಲು ಅವಳು ಒಪ್ಪಲಿಲ್ಲ. “ಅದು ಅವರ ಹೊಲದ್ದು,” ಎಂದಳು. ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ.

ಶ್ರಾವಣದಲ್ಲಿ ಷಡ್ಡಕರು ದೂರವಾಣಿಯಲ್ಲಿ ಮಾತಾಡಿದರು. ಆರಿದ್ರಾ, ಪುನರ್ವಸು ಎರಡೂ ಮಳೆಗಳು ಜೋರಾಗಿಯೇ ಆದುವಂತೆ; ನಾವು ಕಟ್ಟಿದ ಬದು ನಿಂತಿದೆಯಂತೆ. ಹೆಸರು ಎಲ್ಲಾ ಕಡೆಯೂ ಚೆನ್ನಾಗಿ ಬಂದು ಕಾಯಿ ಬಿಡಿಸುತ್ತಿದ್ದಾರೆ. ಗಾಲಿಗಳು ಹೋದ ಎರಡು ಗೀಟುಗಳಲ್ಲಿ ಮಾತ್ರ ಮಣ್ಣು ಹಿಸುಕಿ ಬಿಗಿದುಹೋಗಿದ್ದುದರಿಂದ, ರೈತನು ಮತ್ತೆ ಬೀಜ ಹಾಕಿದ್ದರೂ ಗಿಡ ಗೇಣುದ್ದಕ್ಕಿಂತ ಮೇಲೇಳಲಿಲ್ಲವಂತೆ. ರಸ್ತೆಯಲ್ಲಿ ನಿಂತು ನೋಡಿದರೆ ಆ ಗೀಟುಗಳು ಬದುವಿನಿಂದ ಹೊಲದ ನಡುವಿನ ವರೆಗೂ ಈಗಲೂ ಕಾಣುತ್ತವೆ ಎಂದರು.